ಎರಡು ಹಲ್ಲಿನ ವರ

ಭೀಮಶಿ ಒಂದು ಪ್ಲಾಸ್ಟಿಕ್ ಬಕೆಟ್ ಕೊಳ್ಳಬೇಕಾದರೂ ಜಮಖಂಡಿ, ಮುಧೋಳ, ಮಹಾಲಿಂಗಪುರ ಮೂರೂ ಕಡೆ ಹೋಗಿ ಬಕೆಟ್ ಬಡಿದು ನೋಡಿ ಬರುವ ಮನುಷ್ಯ. ಬಸ್ಸಿನ ಖರ್ಚಿನಲ್ಲಿ ಇನ್ನೊಂದು ಬಕೆಟ್ ಬರುತ್ತಿತ್ತಲ್ಲೋ ಎಂದು ನಾನು ಬೈದರೆ, "ಕಾಕಾ, ಬಕೀಟ ಮುಖ್ಯ ಅಲ್ಲ, ಮೋಸಾ ಹೋಗಬಾರದು" ಎನ್ನುತ್ತಿದ್ದ. ಇಂಥವನ ಕೈಗೆ ಸ್ವಂತ ಹಲ್ಲಿನ ವ್ಯವಹಾರ ಸಿಕ್ಕರೆ ಏನಾದೀತು ಎಂದು ನೀವೇ ಊಹಿಸಿ. ಊಹೆಗೆ ಬಾರದಿದ್ದರೆ ನಾನು ಹೇಳುತ್ತೇನೆ, ಯಾಕೆಂದರೆ ಅದರಲ್ಲಿ ಅರ್ಧ ನನ್ನ ತಲೆಗೇ ಬಂತು.

ನಾನು ಗಿರಮಲ್ಲಪ್ಪ. ಜಮಖಂಡಿ ಬಸ್ ಸ್ಟ್ಯಾಂಡಿನ ಎದುರು ಗಡಿಯಾರ ರಿಪೇರಿ ಮಾಡುತ್ತೇನೆ. ಮೊಬೈಲು ಬಂದ ಮೇಲೆ ಕೈಗೆ ಗಡಿಯಾರ ಕಟ್ಟುವವರು ಕಡಿಮೆಯಾಗಿ, ಮಂದಿಯ ಉಸಾಬರಿ ಮಾಡಲು ನನಗೆ ಬೇಕಾದಷ್ಟು ಪುರಸೊತ್ತು ಸಿಕ್ಕಿತ್ತು. ಪಕ್ಕದ ಗೊಬ್ಬರದಂಗಡಿಯಲ್ಲಿ ಭೀಮಶಿ ಗುಮಾಸ್ತ. ಬೀಳಗಿ ಕಡೆಯ ಅವನ ಊರು ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿ ಹತ್ತು ವರ್ಷ ಆಗಿತ್ತು. ಅವನವ್ವ ರುಕ್ಮವ್ವ ಪುನರ್ವಸತಿ ಕೇಂದ್ರದಲ್ಲಿದ್ದಳು. ಉಳಿದ ಕಾಕಂದಿರು, ಮಾಮಂದಿರು ಪರಿಹಾರ ತೆಗೆದುಕೊಂಡು ಸಿಕ್ಕ ಕಡೆ ಚದುರಿಹೋಗಿದ್ದರು. ಹೀಗಾಗಿ ಇವನಿಗೆ ಹತ್ತಿರದ ಹಿರಿಯ ಎಂದರೆ ನಾನೊಬ್ಬನೇ. ಬೇಡವೆಂದರೂ ಬಂದು ಅಂಟಿಕೊಂಡ ಹಿರಿತನ ಅದು.

ಭೀಮಶಿಯ ವಯಸ್ಸು ಮೂವತ್ತೊಂದು. ಇದು ಸಾಲೆಯ ಲೆಕ್ಕ. ಅವನನ್ನು ಸಾಲೆಗೆ ಹಾಕಿದಾಗ ಮಾಸ್ತರರು ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಹಿಡಿ ಎಂದರಂತೆ. ಕಿವಿ ಸಿಕ್ಕರೆ ಹುಡುಗನಿಗೆ ಆರು ತುಂಬಿತು, ಜೂನ್ ಒಂದಕ್ಕೆ ಹುಟ್ಟಿದ ಎಂದು ಬರೆದುಕೊಳ್ಳುವುದು ಆಗಿನ ಪದ್ಧತಿ. ಭೀಮಶಿಯ ಕೈ ಹುಟ್ಟಾ ಉದ್ದ. ಕಿವಿ ಹಿಡಿದದ್ದಷ್ಟೇ ಅಲ್ಲ, ಅದೇ ಕೈಯಿಂದ ಕೆನ್ನೆಯನ್ನೂ ಕೆರೆದುಕೊಂಡನಂತೆ. ಮಾಸ್ತರರು ಖುಷಿಯಿಂದ ಬರೆದುಕೊಂಡರು.

ಇನ್ನು ಹಲ್ಲು. ಮೇಲಿನ ಎರಡು ಮುಂದಿನ ಹಲ್ಲುಗಳ ನಡುವೆ ಒಂದು ಜೋಳದ ಕಾಳು ಆರಾಮಾಗಿ ಕೂಡುವಷ್ಟು ಸಂದಿ. ಅದು ಸಾಲದೆಂದು, ಸೋಡಾ ಬಾಟಲಿಯ ಮುಚ್ಚಳ ಕಚ್ಚಿ ತೆಗೆಯಲು ಹೋಗಿ ಒಂದು ಹಲ್ಲಿನ ಮೂಲೆ ಮುಕ್ಕು ಮಾಡಿಕೊಂಡಿದ್ದ. ಅದರಿಂದ ಅವನಿಗೆ ಊಟಕ್ಕಾಗಲಿ, ಮಾತಿಗಾಗಲಿ ಏನೂ ತೊಂದರೆ ಇರಲಿಲ್ಲ. ತೊಂದರೆ ಶುರುವಾದದ್ದು ಶೈಲಾ ಬಂದ ಮೇಲೆ.

ಶೈಲಾ ಮುಧೋಳ ದಾರಿಯ ಹಳ್ಳಿಯ ರೇವಪ್ಪನ ಮಗಳು. ರೇವಪ್ಪನಿಗೆ ಒಂದಿಷ್ಟು ಕಬ್ಬು, ದೊಡ್ಡ ಕುರಿ ಹಿಂಡು. ಗೊಬ್ಬರ ಕೊಳ್ಳಲು ಬಂದಾಗ ಅವನು ಚೀಲ ಹೊರುತ್ತಿದ್ದ, ಮಗಳು ಚೀಲದ ಮೇಲಿನದನ್ನು ಓದಿ ಚೌಕಾಸಿ ಮಾಡುತ್ತಿದ್ದಳು. ಒಂದು ದಿನ ಅವಳು ಹೇಳಿದ ಯಾವುದೋ ಮಾತಿಗೆ ಭೀಮಶಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ.

"ಅಲ್ರಿ, ನಗೂ ಮುಂದ ಬಾಯಿಗೆ ಕೈ ಯಾಕ ಹಿಡೀತೀರಿ?" ಎಂದಳು ಶೈಲಾ.

ಇಷ್ಟೇ ಆದದ್ದು. ಮರುದಿನ ಬೆಳಿಗ್ಗೆ ಭೀಮಶಿ ನನ್ನ ಅಂಗಡಿಯ ಮೆಟ್ಟಿಲ ಮೇಲೆ ಮುಖ ಜೋತು ಹಾಕಿಕೊಂಡು ಕೂತಿದ್ದ.

"ಕಾಕಾ, ಆಕಿಗೆ ನನ್ನ ಹಲ್ಲು ಸೇರಿಲ್ಲ."

"ಲೇ, ಆಕಿ ಕೈ ತಗಿ ಅಂದಾಳ. ಹಲ್ಲ ತಗಿ ಅಂದಿಲ್ಲ."

"ಎರಡೂ ಒಂದರಿ."

ಎರಡೂ ಒಂದು ಹೇಗಾಯಿತೋ ನನಗೆ ಇವತ್ತಿಗೂ ತಿಳಿದಿಲ್ಲ. ಆದರೆ ಅದೇ ವಾರ ರೇವಪ್ಪ ನನ್ನ ಅಂಗಡಿಗೆ ಬಂದು, "ನಿಮ್ಮ ಹುಡುಗನ್ನ ಒಂದ್ಸಲ ಮನಿಗೆ ಕರ್ಕೊಂಡ ಬರ್ರಿ. ಹುಡುಗಿಗೆ ಇಪ್ಪತ್ತಾರು. ಆಕಿ ಮನಸ್ಸೂ ಇದ್ದಂಗ ಐತಿ. ಆದ್ರ ನಮ್ಮವ್ವ ನೋಡಿ ಹೂಂ ಅನಬೇಕ್ರಿ" ಎಂದ. ಅವನವ್ವ ಹಣಮವ್ವ ಹೂಂ ಅನ್ನದೆ ಆ ಮನೆಯಿಂದ ಒಂದು ಟಗರೂ ಸಂತೆಗೆ ಹೋಗುವುದಿಲ್ಲ ಎಂಬುದು ಸುತ್ತ ಹಳ್ಳಿಗೆಲ್ಲ ಗೊತ್ತು. ಆಕೆ ಆಗಲೇ ನಾಲ್ಕು ವರಗಳನ್ನು ಚಹಾ ಕುಡಿಸಿ ತಿರುಗಿ ಕಳಿಸಿದ್ದಳು. ಹುಡುಗಿಗೆ ಇಪ್ಪತ್ತಾರು ಎಂದು ರೇವಪ್ಪ ಎರಡು ವರ್ಷದ ಹಿಂದೆಯೂ ಬೇರೆ ಯಾರಿಗೋ ಹೇಳುತ್ತಿದ್ದುದೂ ನನ್ನ ಕಿವಿಗೆ ಬಿದ್ದಿತ್ತು. ನಿಂತ ಗಡಿಯಾರ ನೋಡಿ ನೋಡಿ ರೂಢಿಯಾದವ ನಾನು, ಸುಮ್ಮನಿದ್ದೆ.

ಭೀಮಶಿ ಮಾತ್ರ ಸುಮ್ಮನಿರಲಿಲ್ಲ. ಅಂಗಡಿಗೆ ರಜೆ ಹಾಕಿ ಹಲ್ಲಿನ ಸಂಚಾರಕ್ಕೆ ಹೊರಟ. ಜೊತೆಗೆ ನಾನು.

ಮುಧೋಳದ ಡಾಕ್ಟರರು ಪಿಂಗಾಣಿಯ ಬಗ್ಗೆ ಹೇಳಿದರು. ಹಲ್ಲಿನ ಮುಖವನ್ನು ತುಸು ತಿಕ್ಕಿ, ಅಚ್ಚು ತೆಗೆದು, ಹೊರಗಿನ ಲ್ಯಾಬಿನಲ್ಲಿ ಉಗುರಿನಷ್ಟು ತೆಳುವಾದ ಹೊದಿಕೆ ಮಾಡಿಸಿ ಅಂಟಿಸುವುದು. ಕಲೆ ಹತ್ತುವುದಿಲ್ಲ, ಬಹಳ ವರ್ಷ ಬಾಳುತ್ತದೆ, ಖರ್ಚು ಮಾತ್ರ ಜಾಸ್ತಿ.

"ಮುಂದ ಬ್ಯಾಡ ಅನಿಸಿದ್ರ ತಗದು ನಮ್ಮ ಹಲ್ಲ ನಮಗ ಕೊಡ್ತೀರೇನ್ರಿ?" ಎಂದು ಭೀಮಶಿ ಕೇಳಿದ.

"ತಿಕ್ಕಿದ ಹಲ್ಲು ತಿರುಗಿ ಹೆಂಗ ಬರ್ತೈತಿ ತಮ್ಮಾ?" ಎಂದರು ಡಾಕ್ಟರರು. ಭೀಮಶಿ ಎದ್ದುಬಿಟ್ಟ.

ಬನಹಟ್ಟಿಯಲ್ಲಿ ಇಡೀ ಹಲ್ಲಿಗೆ ಕ್ಯಾಪ್ ಹಾಕುತ್ತೇವೆ ಎಂದರು. ಅದಕ್ಕೆ ಹಲ್ಲನ್ನು ಸುತ್ತಲೂ ಸಣ್ಣ ಮಾಡಬೇಕು. "ಟೊಪಿಗಿ ಹಾಕಾಕ ತಲಿ ಕೆತ್ತೂದ?" ಎಂದು ಭೀಮಶಿ ಅಲ್ಲಿಂದಲೂ ಎದ್ದ. ಕ್ಯಾಪ್ ಬೇಡವಾದರೆ ಮೀರಜಿಗೆ ಹೋಗಿ ತಂತಿ ಹಾಕಿಸಿಕೊಳ್ಳಿ, ಒಂದೂವರೆ ವರ್ಷದಲ್ಲಿ ಸಂದಿ ಕೂಡುತ್ತದೆ ಎಂದು ಅವರೇ ಹೇಳಿದರು. ಅಷ್ಟೊತ್ತಿಗೆ ಶೈಲಾ ಬೇರೆ ಯಾರದೋ ಮಗನ ಜಾವಳ ತೆಗೆಸುತ್ತಿರುತ್ತಾಳೆ ಎಂದು ನಾನು ಅಂದೆ. ಬಸ್ಸಿನಲ್ಲಿ ಅವನು ನನ್ನ ಜೊತೆ ಮಾತು ಬಿಟ್ಟ.

ಕೊನೆಗೆ ತಿರುಗಿ ನಮ್ಮ ಜಮಖಂಡಿಗೇ ಬಂದೆವು. ನನ್ನ ಅಂಗಡಿಯ ಮೇಲಿನ ಮಹಡಿಯಲ್ಲೇ ವಕೀಲ ದತ್ತಾತ್ರೇಯರ ಮಗಳು ಹರ್ಷದಾ ಹೊಸದಾಗಿ ಹಲ್ಲಿನ ದವಾಖಾನೆ ಹಾಕಿದ್ದಳು. ಎರಡೂರು ತಿರುಗಿ ಮೆಟ್ಟಿಲು ಹತ್ತಿದೆವು.

"ಇದಕ್ಕ ಬಾಂಡಿಂಗ್ ಅಂತಾರ್ರಿ," ಎಂದಳು ಹರ್ಷದಾ. "ಹಲ್ಲಿನ ಬಣ್ಣದ್ದ ಒಂದು ಲೇಪ ಇರ್ತದ. ನಿಮ್ಮ ಹಲ್ಲು ಕೆತ್ತೋದಿಲ್ಲ. ಮ್ಯಾಲೆ ಹಚ್ಚಿ, ಆಕಾರ ಮಾಡಿ, ನೀಲಿ ಲೈಟ್ ಹಿಡದರ ಗಟ್ಟಿ ಆಗ್ತದ. ಒಂದ ದಿನದಾಗ ಮುಗೀತದ. ಆದ್ರ ಪಿಂಗಾಣಿಯಷ್ಟು ಬಾಳಿಕಿ ಇಲ್ಲ. ಚಹಾ, ಅರಿಷಿಣದ ಕಲಿ ಹತ್ತತದ. ಹಲ್ಲಿನಿಂದ ಕಬ್ಬು ಸುಲೀಲಿಕ್ಕೆ ಹೋದ್ರ ಮುರೀತದ."

"ಬ್ಯಾಡಾದ್ರ ತಗ್ಯಾಕ ಬರ್ತೈತೇನ್ರಿ?"

"ಬರ್ತದ."

"ಹಂಗಾದ್ರ ಇದನ್ನ ಹಚ್ಚರಿ," ಎಂದ ಭೀಮಶಿ. ಬೇಡವಾದರೆ ಹಿಂದಿರುಗಿಸಬಹುದಾದ ಮಾಲು ಅವನಿಗೆ ಜೀವನದಲ್ಲಿ ಮೊದಲ ಸಲ ಸಿಕ್ಕಿತ್ತು.

ಆಮೇಲೆ ಬಣ್ಣ ಆರಿಸುವ ಪ್ರಸಂಗ. ಹರ್ಷದಾ ಒಂದು ಪಟ್ಟಿ ತೆಗೆದಳು. ಅದರಲ್ಲಿ ಸಾಲಾಗಿ ನಾನಾ ಬಣ್ಣದ ಹಲ್ಲುಗಳು, ಹಾಲಿನಂತೆ ಬೆಳ್ಳಗಿನದರಿಂದ ಹಿಡಿದು ಬೆಲ್ಲದ ಬಣ್ಣದವರೆಗೆ. ಬಣ್ಣವನ್ನು ಹಗಲ ಬೆಳಕಿನಲ್ಲೇ ನೋಡಬೇಕೆಂದು ಅವಳು ಅಂದದ್ದೇ ತಡ, ಭೀಮಶಿ ಪಟ್ಟಿ ಹಿಡಿದುಕೊಂಡು ಮೆಟ್ಟಿಲಿಳಿದು ರಸ್ತೆಗೇ ಬಂದ. ಬಸ್ ಸ್ಟ್ಯಾಂಡಿನ ಎದುರು ಒಬ್ಬ ಮನುಷ್ಯ ಹಲ್ಲು ಕಿಸಿದು, ಅದರ ಪಕ್ಕ ಹಲ್ಲಿನ ಸರ ಹಿಡಿದು ನಿಂತರೆ ಯಾರು ಸುಮ್ಮನೆ ಹೋಗುತ್ತಾರೆ? ಬದನೆಕಾಯಿ ಮಾರುವ ಶಿವಗಂಗವ್ವ ಬುಟ್ಟಿ ಬಿಟ್ಟು ಬಂದಳು. ಬಸ್ ಕಂಟ್ರೋಲರ್ ಹುಲೆಪ್ಪ ಬನಹಟ್ಟಿ ಬಸ್ಸನ್ನು ನಿಲ್ಲಿಸಿ ಬಂದ. ಅವನ ಹಿಂದೆ ಬಸ್ಸಿನವರೂ ಇಳಿದು ಬಂದರು.

ಹರ್ಷದಾ ತುಸು ಹಳದಿಯ ಹಲ್ಲೊಂದನ್ನು ತೋರಿಸಿ, "ನಿಮ್ಮ ಬಾಕಿ ಹಲ್ಲಿಗೆ ಇದ ಹೊಂದ್ತದ," ಎಂದಳು.

"ರೊಕ್ಕಾ ಕೊಟ್ಟು ಹಳದಿ ಹಲ್ಲ ಯಾರ ಹಚ್ಚಿಸ್ಕೊಂತಾರವ್ವಾ?" ಎಂದು ಶಿವಗಂಗವ್ವ ಬಾಯಿ ಹಾಕಿದಳು. "ಇದನ್ನ ತಗೋ ಭೀಮಶಿ, ಇದು ಬೆಳ್ಳಗ ಐತಿ."

"ಖರ್ಚ ಮಾಡಿದ್ದು ನಾಕ ಮಂದಿಗೆ ಕಾಣಬೇಕಲೇ," ಎಂದ ಹುಲೆಪ್ಪ.

ಜಮಖಂಡಿ ಬಸ್ ಸ್ಟ್ಯಾಂಡಿನ ಬಹುಮತ ಎಲ್ಲಕ್ಕಿಂತ ಬಿಳಿ ಹಲ್ಲಿಗೆ ಬಿತ್ತು. ಹರ್ಷದಾ ಬೇಡವೆಂದಳು, ಬೇಡಿಕೊಂಡಳು, ಸಿಟ್ಟಾದಳು. ಭೀಮಶಿ ಕೇಳಲಿಲ್ಲ. ಸಂಜೆ ಅವನು ಮೆಟ್ಟಿಲಿಳಿದು ಬಂದಾಗ ಮೊದಲು ಎರಡು ಹಲ್ಲು ಬಂದವು, ಆಮೇಲೆ ಭೀಮಶಿ ಬಂದ. ಸಂದಿ ಮುಚ್ಚಿತ್ತು, ಮುಕ್ಕು ಹೋಗಿತ್ತು. ಆದರೆ ಸಂದಿ ತುಂಬಲು ಎರಡೂ ಹಲ್ಲು ಅಗಲವಾಗಿ, ಅಕ್ಕಪಕ್ಕದ ಹಲ್ಲುಗಳು ಬಡ ನೆಂಟರ ಹಾಗೆ ಹಿಂದೆ ನಿಂತಿದ್ದವು.

"ಹೆಂಗದಾವು ಕಾಕಾ?"

"ಕಾಣ್ತಾವಪ್ಪಾ," ಎಂದೆ. ಸುಳ್ಳು ಹೇಳಲಿಲ್ಲ.

ಆ ಶುಕ್ರವಾರ ನಾವು ರೇವಪ್ಪನ ಮನೆಗೆ ಹೋದೆವು. ಪಡಸಾಲೆಯಲ್ಲಿ ಕರಿ ಕಂಬಳಿ ಹಾಸಿ ಕೂಡಿಸಿದರು. ಹಣಮವ್ವ ಬೀರಪ್ಪ ದೇವರ ಜಗಲಿಯಿಂದ ಭಂಡಾರದ ಅರಿಶಿನ ತಂದು ನಮ್ಮ ಹಣೆಗೆ ಹಚ್ಚಿದಳು. ಹಚ್ಚುವಾಗಲೇ ಆಕೆಯ ಕಣ್ಣು ಭೀಮಶಿಯ ಬಾಯಿಯ ಮೇಲೆ ಇತ್ತು. ಇವನೋ, ಮನೆಯ ಹೊಸ್ತಿಲು ದಾಟಿದಾಗಿನಿಂದ ತುಟಿ ಕೂಡಿಸಿರಲಿಲ್ಲ. ಚೂಡಾ ತಿನ್ನುವಾಗ ನಕ್ಕ, ನೀರು ಕುಡಿಯುವಾಗ ನಕ್ಕ, ಸೊಸಿ ಸತ್ತು ಎಂಟು ವರ್ಷ ಆತು ಎಂದು ಹಣಮವ್ವ ಹೇಳಿದಾಗಲೂ ನಕ್ಕ. ನಾನು ಮೊಣಕೈಯಿಂದ ತಿವಿದೆ. ಚಹಾ ತಂದ ಶೈಲಾ ಅವನ ನಗು ನೋಡಿ ಒಂದು ಹೆಜ್ಜೆ ಹಿಂದೆ ಸರಿದಳು.

"ವಯಸ್ಸೆಷ್ಟ ತಮ್ಮಾ?" ಹಣಮವ್ವ ಕೇಳಿದಳು.

"ಮುವತ್ತೊಂದ್ರಿ ಆಯಿ. ಸಾಲಿ ದಾಖಲೆದಾಗ ಐತ್ರಿ. ಜೂನ್ ಒಂದು."

"ಈ ರೇವ್ಯಾಂದೂ ಜೂನ್ ಒಂದು. ನಮ್ಮ ಸೊಸೀದೂ ಜೂನ್ ಒಂದಿತ್ತು. ಶೈಲೀದೂ ಜೂನ್ ಒಂದು. ಒಂದ ದಿನಾ ಇಷ್ಟ ಮಂದಿ ಹುಟ್ಟಾಕ ನಾವೇನ ಕುರಿ ಹಿಂಡೇನು? ಬಾ ಇಲ್ಲಿ, ಬೆಳಕಿಗೆ ಬಾ. ಬಾಯಿ ತಗಿ."

ಭೀಮಶಿ ನನ್ನ ಕಡೆ ನೋಡಿದ. ನಾನು ಚಾವಣಿ ನೋಡಿದೆ. ಹಣಮವ್ವ ಅವನ ಗದ್ದ ಹಿಡಿದು ಬಾಗಿಲಿನ ಬಿಸಿಲಿಗೆ ತಿರುಗಿಸಿ, ಹೆಬ್ಬೆರಳಿನಿಂದ ಮೇಲ್ತುಟಿ ಎತ್ತಿದಳು. ಎಷ್ಟು ವರ್ಷ ಎಷ್ಟು ಕುರಿಗಳ ತುಟಿ ಎತ್ತಿದ ಬೆರಳೋ ಅದು, ಇವನ ತುಟಿ ಮೂಗಿಗೆ ಹತ್ತಿಕೊಂಡಿತು.

ಕುರಿಯ ವಯಸ್ಸನ್ನು ಹಲ್ಲಿನಿಂದಲೇ ಹೇಳುತ್ತಾರೆಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಮರಿಗೆ ಸಣ್ಣ ಹಾಲು ಹಲ್ಲು. ಒಂದೂವರೆ ವರ್ಷಕ್ಕೆ ಮುಂದೆ ಎರಡು ದೊಡ್ಡ ಬಿಳಿ ಹಲ್ಲು ಬರುತ್ತವೆ, ಅದು ಎರಡು ಹಲ್ಲಿನ ಟಗರು. ಆಮೇಲೆ ನಾಲ್ಕು, ಆಮೇಲೆ ಆರು. ಎಂಟಾದರೆ ಬಾಯಿ ಕೂಡಿತು ಎನ್ನುತ್ತಾರೆ. ಅಲ್ಲಿಂದ ಮುಂದೆ ಹಲ್ಲು ಸವೆದು, ಸಂದು ಬಿಟ್ಟು, ಮುರಿಯುತ್ತ ಹೋಗುತ್ತವೆ. ಇದೆಲ್ಲ ಗೊತ್ತಿದ್ದೂ ಇವನನ್ನು ಆ ಹಲ್ಲಿನ ಜೊತೆ ಅಲ್ಲಿಗೆ ಕರೆದುಕೊಂಡು ಹೋದ ನನಗೆ ಏನನ್ನಬೇಕು!

"ರೇವ್ಯಾ, ಇಲ್ಲಿ ಬಾರೋ," ಎಂದಳು ಹಣಮವ್ವ. "ಏನ ಕಾಣ್ತೈತಿ?"

ರೇವಪ್ಪ ಬಗ್ಗಿ ನೋಡಿದ. "ಎರಡ ಹಲ್ಲಿನ ಟಗರ ಇದ್ದಂಗ ಐತಿ."

"ಮುಂದಿನೆರಡು ಎಳೇವು, ಬಾಜೂದಾವು ಬಲತಾವು. ಬೀರಪ್ಪ ಇಂಥಾ ಬಾಯಿ ಮಾಡೂದಿಲ್ಲ. ಇದು ದಲ್ಲಾಳಿ ಕೆಲಸ! ಸಂತ್ಯಾಗ ಮುದಿ ಎತ್ತಿನ ಹಲ್ಲು ಅರಾ ಹಾಕಿ ತಿಕ್ಕಿ ಹರೇದ್ದ ಅಂತ ಮಾರ್ತಾರಲ್ಲ, ಹಂಗ ಮಾಡ್ಯಾರ. ಕುರಿಗೆ ಮ್ಯಾಲಿನ ಹಲ್ಲ ಇರೂದಿಲ್ಲ, ಅದಕ್ಕ ಅದರಾಗ ಮೋಸಾ ಅರ್ಧಾ ಕಮ್ಮಿ."

ಇಲ್ಲಿ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಆದರೆ ಹಿರಿಯ ಅಂತ ಹೋದವ ಸುಮ್ಮನೆ ಕೂತರೆ ಹೇಗೆ?

"ತಪ್ಪ ತಿಳಕೋಬ್ಯಾಡ್ರಿ ಅಕ್ಕಾರ," ಎಂದೆ. "ಹಲ್ಲು ಮಾಡಿಸಿದ್ದು ಖರೆ. ಆದ್ರ ವಯಸ್ಸು ಮುಚ್ಚಾಕಲ್ರಿ. ಮೊದಲ ಇವಂಗ ಅಲ್ಲಿ ಸಂದಿತ್ತು. ಒಂದ ಹಲ್ಲು ಮುಕ್ಕ ಆಗಿತ್ತು. ಅಷ್ಟ."

"ಸಂದಿತ್ತು? ಮುಕ್ಕೂ ಆಗಿತ್ತು?" ಹಣಮವ್ವ ಮಗನ ಕಡೆ ತಿರುಗಿದಳು. "ಯಾವ ಕುರಿಗೆ ಹಲ್ಲ ಸಂದ ಬಿಡ್ತಾವೋ ರೇವ್ಯಾ?"

"ಮುದೀ ಕುರಿಗೆ," ಎಂದ ರೇವಪ್ಪ, ಸಾಲೆಯಲ್ಲಿ ನಿಂತವನ ಹಾಗೆ.

"ನಾಲ್ವತ್ತ ದಾಟೇತಿ ಇವಂಗ."

"ಆಯಿ!" ಎಂದಳು ಶೈಲಾ ಒಳಗಿನಿಂದ.

"ನೀ ಸುಮ್ಮನಿರು," ಎಂದ ಹಣಮವ್ವನ ದನಿ ಇದ್ದಕ್ಕಿದ್ದಂತೆ ಇಳಿಯಿತು. "ನಾ ಸಣ್ಣಾಕಿ ಇದ್ದಾಗ ಒಬ್ಬನ್ನ ತಂದ ತೋರಿಸಿದ್ರು. ಮೀಸಿಗೆ ಕಪ್ಪ ಹಚ್ಚಿದ್ರು. ಎಲಿ ತಿನಿಸಿ ಬಾಯಿ ಕೆಂಪಗ ಮಾಡಿ ಕುಂಡರಿಸಿದ್ರು. ಹಲ್ಲ ಕಾಣಲಿಲ್ಲ. ಈ ರೇವ್ಯಾ ಅಡ್ಡಾಡಾಕ ಕಲಿಯೂದರಾಗ ಅವ ಹೋಗೇಬಿಟ್ಟ. ನನ್ನ ಹರೇವೆಲ್ಲಾ ಕುರಿ ಹಿಂದ ಹೋತು. ನನ್ನ ಮೊಮ್ಮಗಳಿಗೆ ಹಂಗ ಆಗಬಾರದು ನೋಡ್ರಿ. ಚಹಾ ಕುಡದ ಹೊಂಡ್ರಿ."

ಭೀಮಶಿಯ ಕಣ್ಣು ತುಂಬಿದ್ದವು, ಆದರೆ ಹಾಳು ಹಲ್ಲು ಹೊರಗೇ ಇದ್ದುದರಿಂದ ಅವನು ನಗುತ್ತಿದ್ದಾನೆ ಎಂದೇ ಎಲ್ಲರೂ ತಿಳಿದರು.

ನಾವು ಜಮಖಂಡಿಗೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಹಳ್ಳಿಯಲ್ಲಿ ನಲವತ್ತಿದ್ದ ಭೀಮಶಿಗೆ ಮಹಾಲಿಂಗಪುರದಲ್ಲಿ ನಲವತ್ತೈದಾಗಿ, ಬಾಯಿ ತುಂಬ ಕಟ್ಟಿಸಿದ ಹಲ್ಲಾಯಿತು. ಮುಧೋಳದಲ್ಲಿ ಅವನಿಗೆ ಬೀಳಗಿಯಲ್ಲೊಬ್ಬ ಹೆಂಡತಿ ಸಿಕ್ಕಳು. ಮರುದಿನ ಹುಲೆಪ್ಪ ನನ್ನ ಅಂಗಡಿಗೆ ಬಂದು ಗುಟ್ಟಾಗಿ, "ಕಾಕಾ, ಭೀಮಶಿಗೆ ಪೆನ್ಶನ್ ಎಷ್ಟ ಬರ್ತೈತ್ರಿ?" ಎಂದು ಕೇಳಿದ. ಬೆಳ್ಳನೆಯ ಹಲ್ಲು ಆರಿಸಿಕೊಟ್ಟ ಶಿವಗಂಗವ್ವ, "ನಾ ಅವತ್ತ ಹೇಳಿದ್ನಿ, ಡಾಕ್ಟರ್ ಮಾತ ಕೇಳು ಅಂತ," ಎಂದು ಗಿರಾಕಿಗಳಿಗೆಲ್ಲ ಹೇಳುತ್ತಿದ್ದಳು.

ಭೀಮಶಿ ಅವ್ವನಿಗೆ ಫೋನ್ ಹಚ್ಚಿದ. ನನಗೂ ಕೇಳಿಸಲಿ ಎಂದು ಸ್ಪೀಕರ್ ಹಾಕಿದ.

"ಯವ್ವಾ, ನಾ ಯಾವ ವರ್ಷ ಹುಟ್ಟೇನಿ? ಖರೇ ಹೇಳು."

"ನೀ ಹುಟ್ಟಿದ ವರ್ಷಾ ಭಾಳ ಬಿಸಲಿತ್ತಪ್ಪಾ," ಎಂದಳು ರುಕ್ಮವ್ವ.

ಬೀಳಗಿಯಲ್ಲಿ ಬಿಸಿಲಿಲ್ಲದ ವರ್ಷ ಯಾವುದು? ಯಾರನ್ನಾದರೂ ಕೇಳೋಣವೆಂದರೆ ಊರೇ ನೀರಿನಡಿ ಇದೆ. ಅವ್ವ ಕೊನೆಗೆ ಇಷ್ಟು ಹೇಳಿ ಫೋನ್ ಇಟ್ಟಳು: "ನಿನ್ನ ವಯಸ್ಸ ತಗೊಂಡ ಏನ ಮಾಡ್ತಿ? ಹುಡುಗಿ ನಿನಗಿಂತ ಸಣ್ಣಾಕಿ ಇರ್ಲಿ, ಅಷ್ಟ ನೋಡು. ನಾನೂ ಬಂದ ನೋಡ್ತೇನಿ. ಊರ ಮುಳಗೂತನಾ ಕುರಿ ಕಾದಾಕಿ ನಾ, ನನಗ ತಿಳೀತೈತಿ."

ಭೀಮಶಿ ಫೋನ್ ಕಿಸೆಗೆ ಹಾಕಿ ನೇರ ಮೇಲಿನ ಮಹಡಿಗೆ ನಡೆದ. "ಮೇಡಂ, ಇವನ್ನ ಕಿತ್ತ ಬಿಡ್ರಿ. ನನಗ ಹಲ್ಲ ಬ್ಯಾಡ, ಶೈಲಾ ಬೇಕು," ಎಂದು ಕುರ್ಚಿಯ ಮೇಲೆ ಬಿದ್ದ.

ನಡೆದದ್ದನ್ನೆಲ್ಲ ನಾನು ಹೇಳಿದೆ. ಹರ್ಷದಾ ಕೊನೆಯವರೆಗೂ ಸಮಾಧಾನದಿಂದಲೇ ಕೇಳಿದಳು. ದಲ್ಲಾಳಿ ಕೆಲಸ ಎಂಬ ಮಾತು ಬಂದ ಕೂಡಲೇ ಎದ್ದು ನಿಂತಳು.

"ನನ್ನ ಕೆಲಸಕ್ಕ ದಲ್ಲಾಳಿ ಕೆಲಸ ಅಂದ್ರ? ಬಣ್ಣ ಆರಿಸಿದ್ದು ನೀವು, ಹೆಸರು ಕೆಡೋದು ನಂದು! ಎಲ್ಲಿದ್ದಾರ ಆ ಅಜ್ಜಿ? ನಡೀರಿ."

ಅವಳು ಚೀಲದಲ್ಲಿ ಸಣ್ಣ ಕನ್ನಡಿ, ಬ್ಯಾಟರಿ, ರಬ್ಬರಿನ ಕೈಗವಸು ಹಾಕಿಕೊಂಡಳು. ಮೂವರೂ ಆಟೋ ಹತ್ತಿದೆವು.

ರೇವಪ್ಪನ ಅಂಗಳದಲ್ಲಿ ಹೊರಸು ಹಾಕಿದ್ದರು. ಹರ್ಷದಾ ಭೀಮಶಿಯನ್ನು ಅದರ ಮೇಲೆ ಮಲಗಿಸಿ ತಲೆಯನ್ನು ಅಂಚಿನಿಂದ ಕೆಳಗೆ ಜೋತು ಬಿಡಿಸಿದಳು. ಒಂದು ಕಡೆ ಡಾಕ್ಟರ್, ಒಂದು ಕಡೆ ಹಣಮವ್ವ. ಕುರಿಹಟ್ಟಿಯ ಬೇಲಿಯ ಮೇಲಿಂದ ಟಗರುಗಳೂ ನೋಡುತ್ತಿದ್ದವು.

"ಅಜ್ಜಿ, ನೀವು ಮುಂದಿನ ಹಲ್ಲಷ್ಟ ನೋಡೀರಿ. ಹಿಂದಿನ ದವಡಿ ನೋಡ್ರಿ. ಸವದಾವೇನು?"

"ಕುರಿ ಹಿಂದಿನ ಹಲ್ಲ ಯಾರ ನೋಡ್ಯಾರ ತಂಗೀ? ಬಟ್ಟ ಕಡಸ್ಕೊಳ್ಳಾಕ?"

"ಇವರು ಕಡಿಯೋದಿಲ್ರಿ."

"ಗ್ಯಾರಂಟಿ ಕೊಡ್ತೀಯೇನು?"

ಭೀಮಶಿ ಬಾಯಿ ತೆರೆದುಕೊಂಡೇ ತಲೆಯಾಡಿಸಿ ಗ್ಯಾರಂಟಿ ಕೊಟ್ಟ. ಹರ್ಷದಾ ಬ್ಯಾಟರಿ ಹಿಡಿದಳು. ಹಣಮವ್ವ ಕೈಗವಸು ಬೇಡವೆಂದು, ಕೈ ತೊಳೆದುಕೊಂಡು ಬಂದು ಬೆರಳು ಒಳಗೆ ಇಟ್ಟಳು. ಒಂದೊಂದೇ ಹಲ್ಲು ತಡವಿ ನೋಡುತ್ತ ಹಿಂದಕ್ಕೆ ಹೋದಳು. ಹೋದ ಹಾಗೆ ಆಕೆಯ ಮುಖ ಬದಲಾಗತೊಡಗಿತು.

"ಅಂಚು ಚೂಪ ಅದಾವು."

"ಹೌದಲ್ಲಾ? ನಲವತ್ತಾದವರ ದವಡಿ ಹಿಂಗ ಇರೋದಿಲ್ಲ. ಇನ್ನೂ ಹಿಂದಕ್ಕ ಹೋಗ್ರಿ. ತುದೀಗೆ ಒಂದದ ನೋಡ್ರಿ, ಅರ್ಧಾ ಒಸಡಿನಾಗ."

"ಇದು ಈಗ ಏಳಾಕತ್ತೈತಿ!" ಹಣಮವ್ವ ಬೆರಳು ತೆಗೆದು ಸೆರಗಿಗೆ ಒರೆಸಿದಳು. "ರೇವ್ಯಾ, ಇವಂದು ಬಾಯಿ ಇನ್ನಾ ಕೂಡಿಲ್ಲೋ! ನಾಲ್ವತ್ತ ಎಲ್ಲಿದು, ಮುವತ್ತೂ ಇಲ್ಲ. ಹೆಚ್ಚಂದ್ರ ಇಪ್ಪತ್ತೆಂಟು."

ನನಗೆ ಆ ಕ್ಷಣ ಸುಮ್ಮನಿರಲು ಆಗಲಿಲ್ಲ. ಸಾಲೆಯ ಮಾಸ್ತರರು, ಉದ್ದ ಕೈ, ಕೆರೆದುಕೊಂಡ ಕೆನ್ನೆ ಎಲ್ಲ ಹೇಳಿಬಿಟ್ಟೆ. ಭೀಮಶಿಗೆ ಕಿವಿ ಹಿಡಿದು ತೋರಿಸಲು ಹೇಳಿದೆ. ಅವನು ಮಲಗಿದಲ್ಲಿಂದಲೇ ತಲೆ ಬಳಸಿ ಕಿವಿ ಹಿಡಿದು, ಗದ್ದವನ್ನೂ ಮುಟ್ಟಿ ತೋರಿಸಿದ.

"ಹಂಗಾದ್ರ ಎರಡ ಮೂರ ವರ್ಷ ಸಾಲ್ಯಾಗ ಹೆಚ್ಚ ಬರದಾರ. ನನ್ನ ಬೆರಳು ಹೇಳಿದ್ದ ಖರೆ," ಎಂದಳು ಹಣಮವ್ವ. ಡಾಕ್ಟರೂ ಹೌದೆಂದು ತಲೆಯಾಡಿಸಿದಳು. ನಾನು ಗೆದ್ದವನಂತೆ ಮೀಸೆ ತಿರುವಿದೆ. ಇನ್ನೇನು ಸಕ್ಕರೆ ಹಂಚುತ್ತಾರೆ ಎನ್ನುವಾಗ, ಹಣಮವ್ವನ ಮೋರೆ ಮತ್ತೆ ಇಳಿಯಿತು. ಮಗನನ್ನು ನೋಡಿದಳು. ಮಗ ನೆಲ ನೋಡಿದ.

"ಆಗೂದಿಲ್ರಿ," ಎಂದಳು. "ಹುಡುಗ ಭಾಳ ಸಣ್ಣಾವಾದ."

"ಏನ್ರೀ ಇದು!" ನಾನು ಎದ್ದೇಬಿಟ್ಟೆ. "ಮೊನ್ನೆ ಮುದುಕ, ಇವತ್ತ ಕೂಸು! ಹುಡುಗಿಗೆ ಇಪ್ಪತ್ತಾರು, ಇವಗ ಇಪ್ಪತ್ತೆಂಟು. ಇನ್ನೇನ ಬೇಕ್ರಿ ನಿಮಗ?"

ಹಟ್ಟಿಯಲ್ಲಿ ಒಂದು ಕುರಿ ಕೂಗಿತು. ಬಾಗಿಲಲ್ಲಿ ನಿಂತಿದ್ದ ಶೈಲಾ ಅಂಗಳಕ್ಕೆ ಬಂದಳು.

"ನನಗ ಮುವತ್ತು ತುಂಬೇತ್ರಿ," ಎಂದಳು.

"ಶೈಲೀ!"

"ಹೂಂ ಆಯಿ, ಮುವತ್ತು. ನಾಕ ವರ್ಷದಿಂದ ನೀವ ನನ್ನ ಇಪ್ಪತ್ತಾರಕ್ಕ ನಿಲ್ಲಿಸೀರಿ. ಬಂದ ಬಂದವರ ಹಲ್ಲೆಲ್ಲಾ ನೋಡಿದಿ, ನನ್ನ ಮಾತ ಒಂದ ದಿನಾ ಕೇಳಲಿಲ್ಲ."

"ನಾ ಎಲ್ಲಿ ನಿಲ್ಲಿಸೇನಿ? ಈ ರೇವ್ಯಾ..."

"ಇಪ್ಪತ್ತಾರ ಅಂತ ಹೇಳು ಅಂದಾಕಿ ನೀನ ಅಲ್ಲೇನ ಬೇ ಯವ್ವಾ?" ಎಂದು ರೇವಪ್ಪ ಮೊದಲ ಸಲ ಅವ್ವನಿಗೆ ಎದುರಾಡಿದ.

"ಆಯಿ," ಎಂದಳು ಶೈಲಾ, "ನಿನಗ ಗಂಡನ್ನ ತೋರಿಸಿದಾಗ ನಿನ್ನ ಯಾರೂ ಕೇಳಲಿಲ್ಲಲ್ಲ, ನಿನಗ ಅದ ಸಿಟ್ಟ ಅಲ್ಲೇನು? ನನ್ನ ಕೇಳು."

ಹಣಮವ್ವ ಮೊಮ್ಮಗಳ ಗದ್ದ ಹಿಡಿದು ಮುಖ ನೋಡಿದಳು. ಆಮೇಲೆ, "ಕೇಳೇನಿ. ಹೇಳು," ಎಂದಳು.

"ನನಗ ಇವರ ಬೇಕು. ಸಂದ ಇದ್ರೂ ಬೇಕು, ಇಲ್ದಿದ್ರೂ ಬೇಕು. ಆದ್ರ ಈ ಎರಡ ಬಿಳೀವು ಬ್ಯಾಡ, ನೋಡಿದ್ರ ಅಂಜಿಕಿ ಬರ್ತೈತಿ."

ಹೊರಸಿನಿಂದ ತಲೆ ಜೋತು ಬಿಟ್ಟಿದ್ದ ಭೀಮಶಿ, ಬಾಯಲ್ಲಿ ಡಾಕ್ಟರರ ಕನ್ನಡಿ ಇದ್ದುದರಿಂದ, "ಆಆ" ಎಂದ. ಹುಡುಗನ ಒಪ್ಪಿಗೆ ಬಿತ್ತೆಂದು ಹಿರಿಯನಾದ ನಾನು ಘೋಷಿಸಿದೆ.

ಹಣಮವ್ವ ಕಣ್ಣೊರೆಸಿಕೊಂಡಳು. ಒರೆಸಿಕೊಂಡ ಮರುಕ್ಷಣವೇ ಆಕೆಯ ಬುದ್ಧಿ ವ್ಯವಹಾರಕ್ಕೆ ಇಳಿಯಿತು. ಹರ್ಷದಾಳ ಕೈ ಹಿಡಿದು ಪಕ್ಕಕ್ಕೆ ಕರೆದುಕೊಂಡು ಹೋಗಿ, ಎಲ್ಲರಿಗೂ ಕೇಳುವಂತೆ ಪಿಸುಗುಟ್ಟಿದಳು.

"ತಂಗೀ, ಮದವ್ಯಾಗ ಹುಡುಗಿ ದೊಡ್ಡಾಕಿ ಕಾಣಬಾರದು. ಇವನ್ನ ಸ್ವಲ್ಪ ಬಲತಾವನ್ನ ಮಾಡಿ ಕೊಡ್ತೀಯೇನು?"

ಮುಂದಿನ ಸೋಮವಾರ ಹಣಮವ್ವ ಜಮಖಂಡಿ ದವಾಖಾನೆಗೆ ಬಂದಳು. ಜೊತೆಗೆ ರೇವಪ್ಪ, ಶೈಲಾ. ಹರ್ಷದಾ ಮತ್ತೆ ಬಣ್ಣದ ಪಟ್ಟಿ ತೆಗೆದಳು. ಹಣಮವ್ವ ಅದನ್ನು ಕಸಿದುಕೊಂಡು, ಭೀಮಶಿಯ ರಟ್ಟೆ ಹಿಡಿದು, ರಸ್ತೆಯ ಬೆಳಕಿಗೆ ಇಳಿದಳು. ಶಿವಗಂಗವ್ವ ಬುಟ್ಟಿ ಬಿಟ್ಟು ಬಂದಳು. ಹುಲೆಪ್ಪ ಬಸ್ ನಿಲ್ಲಿಸಿ ಬಂದ.

"ಬೆಳ್ಳಂದ ತಗೋರಿ ಅಜ್ಜಿ..." ಎಂದು ಶಿವಗಂಗವ್ವ ಶುರು ಮಾಡಿದ್ದಳು. ಹಣಮವ್ವ ತಿರುಗಿ ನೋಡಿದಳು. ಶಿವಗಂಗವ್ವ ಬದನೆಕಾಯಿಗೆ ನೀರು ಚಿಮುಕಿಸಲು ಹೋದಳು.

ಹಣಮವ್ವ ಮೊದಲು ಬೆಲ್ಲದ ಬಣ್ಣದ ಹಲ್ಲು ಹಿಡಿದು ನೋಡಿದಳು. ಅದಕ್ಕೆ ಭೀಮಶಿ ಐವತ್ತರವನಂತೆ ಕಂಡ. ಒಂದೊಂದೇ ಹಲ್ಲು ದಾಟುತ್ತ ಬಂದು, ತುಸು ಹಳದಿಯ ಒಂದರ ಮೇಲೆ ಬೆರಳಿಟ್ಟಳು. "ಇದು. ಮುವತ್ತೆರಡು."

"ಅಜ್ಜಿ, ಮೊದಲನೇ ದಿನಾನ ನಾ ಇದನ್ನ ಹೇಳಿದ್ದೆ," ಎಂದು ಹರ್ಷದಾ ಮೆಟ್ಟಿಲ ಮೇಲೆ ನಿಂತು ಹಣೆ ಬಡಿದುಕೊಂಡಳು.

ಬಿಳಿ ಹೋಗಿ ಹೊಸ ಲೇಪ ಬಂತು. ನೀಲಿ ಲೈಟು ಆರಿದ ಮೇಲೆ ಹಣಮವ್ವ ತುಟಿ ಎತ್ತಿ, ಅಕ್ಕಪಕ್ಕದ ಹಲ್ಲಿಗೆ ಹೊಂದಿಸಿ ನೋಡಿ, "ಈಗ ಆತು ನೋಡ್ರಿ. ಖರೇ ಬಾಯಿ," ಎಂದಳು. ನನ್ನ ಬಾಯಿಗೂ ಒಂದು ವ್ಯವಸ್ಥೆಯಾಯಿತು. ರೇವಪ್ಪ ಹೊಸ ಕರಿ ಕಂಬಳಿಯೊಂದನ್ನು ತಂದು ನನ್ನ ಹೆಗಲಿಗೆ ಹೊದಿಸಿ, "ಹಿರ್ಯಾರ, ಇಪ್ಪತ್ತಾರ ಅಂದಿದ್ದು ಇಪ್ಪತ್ತಾರ ಇರ್ಲಿ," ಎಂದ. ಬಿಸಿಲಿನಲ್ಲಿ ಕಂಬಳಿ ಹೊದ್ದು ನಾನು ಬೆವರುತ್ತ ಒಪ್ಪಿಕೊಂಡೆ.

ಆಗ ಭೀಮಶಿಯ ಫೋನ್ ರಿಂಗಾಯಿತು. ರುಕ್ಮವ್ವ ನಾಳೆಯೇ ಹುಡುಗಿ ನೋಡಲು ಬರುತ್ತಾಳಂತೆ. ಊರು ಮುಳುಗುವವರೆಗೆ ಆಕೆ ಏನು ಕೆಲಸ ಮಾಡುತ್ತಿದ್ದಳು ಎಂದು ಹಣಮವ್ವ ಕೇಳಿದಳು. ಕುರಿ ಕಾಯುತ್ತಿದ್ದಳೆಂದು ಭೀಮಶಿ ಹೆಮ್ಮೆಯಿಂದ ಹೇಳಿದ.

ಹಣಮವ್ವ ಎದೆ ಹಿಡಿದುಕೊಂಡು ಬೆಂಚಿನ ಮೇಲೆ ಕೂತಳು. ಆಮೇಲೆ ಮೊಮ್ಮಗಳನ್ನು ಹತ್ತಿರ ಕರೆದು ಕಿವಿಯಲ್ಲಿ ಏನೋ ಹೇಳಿದಳು. ಶೈಲಾ ಕೇಳುತ್ತ ಕೇಳುತ್ತ ನಗು ತಡೆಯಲಾರದೆ, ಬಾಯಿಗೆ ಕೈ ಅಡ್ಡ ಹಿಡಿದು, ಗೋಡೆಗೆ ಆತು ನಕ್ಕಳು.

ಭೀಮಶಿ ಕುರ್ಚಿಯಿಂದ ಎದ್ದು ಬಂದ. ಹೊಸ ಹಲ್ಲು ಪೂರಾ ಬಿಟ್ಟು, ಬಾಯಿಗೆ ಕೈ ಅಡ್ಡ ಹಿಡಿಯದೆ ನಕ್ಕು ಕೇಳಿದ:

"ಅಲ್ರಿ, ನಗೂ ಮುಂದ ಬಾಯಿಗೆ ಕೈ ಯಾಕ ಹಿಡೀತೀರಿ?"

"ನಿಮ್ಮವ್ವ ಬಂದ ಹೋಗ್ಲಿ," ಎಂದಳು ಶೈಲಾ ಬೆರಳ ಸಂದಿಯಿಂದ, "ತಗೀತೇನಿ."